ಅಲ್ಮಾಟಿಯ ಉಯ್ಗುರ್ ರೆಸ್ಟೋರೆಂಟಿನಲ್ಲಿ ಹತ್ತು ಮಂದಿ ಒಟ್ಟಿಗೆ ಊಟ ಮಾಡುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಕಜಾಕ್‌ಸ್ತಾನದ ಅಲ್ಮಾಟಿಗೆ ಬಂದುಹೋಗುವ ಕನ್ನಡಿಗರ ಗುಂಪುಗಳು ಉಯ್ಗುರ್ ಊಟದ, ಅಂದರೆ ಮಧ್ಯ ಏಷ್ಯಾದ ಉಯ್ಗುರ್ ಎಂಬ ಮುಸ್ಲಿಂ ಜನಾಂಗದ ಅಡುಗೆಯ, ಬಗ್ಗೆ ಹೇಳುವ ದೂರು ಬಹುತೇಕ ಒಂದೇ. ನಾಲ್ವರಿಗೆ ಊಟ ಬೇಗ ಬಂತು, ಉಳಿದವರು ಮುಕ್ಕಾಲು ಗಂಟೆ ಕಾದರು. ಮಾಂಸ ಬೇಡ ಎಂದು ಹೇಳಿದ್ದರೂ ತಟ್ಟೆಯಲ್ಲಿ ಮಾಂಸದ ಚೂರು ಸಿಕ್ಕಿತು. ಹಿರಿಯರು ನಾನ್ ಮತ್ತು ಸೌತೆಕಾಯಿ ತಿಂದು ಎದ್ದರು. ಕೊನೆಗೆ ಮೇಜಿನ ಮೇಲೆ ಮೂರು ಜನರ ಊಟ ಉಳಿಯಿತು.

ಕೆಲಸದ ಮೇಲೆ ಈ ಊರಿನಲ್ಲಿರುವ ನಾನು ಇಂಥ ಹಲವು ಗುಂಪುಗಳ ಜೊತೆ ಮೇಜಿಗೆ ಕೂತಿದ್ದೇನೆ. ಅಡುಗೆಮನೆಯ ತಪ್ಪಿನಿಂದ ಊಟ ಕೆಟ್ಟದ್ದನ್ನು ನಾನು ನೋಡಿದ್ದು ಬಹಳ ಕಡಿಮೆ. ಕೆಟ್ಟದ್ದೆಲ್ಲ ನಾವು ಹೇಳುವ ಕ್ರಮದಿಂದ. ನಮ್ಮ ದರ್ಶಿನಿಯಲ್ಲಿ ಹೇಳುವ ಹಾಗೆ "ನನಗೊಂದು, ನಿನಗೊಂದು" ಎಂದು ತಲೆಗೊಂದು ತಟ್ಟೆ ಹೇಳಿದರೆ ಉಯ್ಗುರ್ ಮೇಜು ದಿಕ್ಕು ತಪ್ಪುತ್ತದೆ. ಇಲ್ಲಿ ಆರ್ಡರ್ ಕೊಡಬೇಕಾದದ್ದು ಮೇಜಿಗೆ, ಅದೂ ಅಡುಗೆಗೆ ಹಿಡಿಯುವ ಹೊತ್ತಿನ ಲೆಕ್ಕದಲ್ಲಿ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮೂರನೆಯದನ್ನು ಬಿಟ್ಟು ಐದನೆಯದಕ್ಕೆ ಹಾರಬೇಡಿ.

ಕೈಯಲ್ಲಿ ಇರಬೇಕಾದವು

ಮೊಬೈಲಿನಲ್ಲಿ 2ಜಿಐಎಸ್ ಆ್ಯಪ್. ಅಲ್ಮಾಟಿಯ ವಿಳಾಸ ಹುಡುಕಲು ಇಲ್ಲಿನವರೇ ನಂಬುವುದು ಇದನ್ನು. ಊಟದವರು ಹಾಕಿದ ಮೆನುವಿನ ಫೋಟೋಗಳೂ ಅದರಲ್ಲಿ ಸಿಗುತ್ತವೆ. ಅದರ ಜೊತೆಗೆ ರಷ್ಯನ್ ಭಾಷೆಯನ್ನು ಮೊದಲೇ ಇಳಿಸಿಟ್ಟುಕೊಂಡ ಅನುವಾದದ ಆ್ಯಪ್, ವಾಟ್ಸ್‌ಆ್ಯಪ್, ಒಂದು ಚೀಟಿ, ಪೆನ್ನು, ಸ್ವಲ್ಪ ತೆಂಗೆ (ಕಜಾಕ್‌ಸ್ತಾನದ ಹಣ) ನೋಟುಗಳು. ಸ್ಥಳೀಯರು ತಮ್ಮ ಬ್ಯಾಂಕಿನ ಕ್ಯೂಆರ್ ಮೂಲಕ ಹಣ ಕೊಡುತ್ತಾರೆ, ಪ್ರವಾಸಿಗರಿಗೆ ಆ ದಾರಿ ಸುಲಭವಿಲ್ಲ. ಕಾರ್ಡ್ ನಡೆಯುತ್ತದೆ, ಆದರೂ ಸಣ್ಣ ಕೆಫೆಗಳಿಗೆ ನಗದು ಇರಲಿ.

ಹಂತ 1: ಯಾರು ಏನು ತಿನ್ನುವುದಿಲ್ಲ ಎಂಬುದನ್ನು ಬರೆದುಕೊಳ್ಳಿ

"ಆರು ನಾನ್‌ವೆಜ್, ನಾಲ್ಕು ವೆಜ್" ಎಂಬ ಲೆಕ್ಕ ಇಲ್ಲಿ ಸಾಲದು. ಚೀಟಿಯಲ್ಲಿ ಒಬ್ಬೊಬ್ಬರ ಹೆಸರಿನ ಮುಂದೆ ಬರೆಯಿರಿ: ದನದ ಮಾಂಸ, ಕುದುರೆ ಮಾಂಸ, ಕುರಿ, ಕೋಳಿ, ಮೊಟ್ಟೆ, ಈರುಳ್ಳಿ, ಬೆಳ್ಳುಳ್ಳಿ, ಖಾರ. ಯಾವುದು ಬೇಡವೋ ಅದಕ್ಕೆ ಗೆರೆ.

ದನದ ಮಾಂಸದ ಸಾಲು ಮೊದಲು ಬರಬೇಕು. ಕುರಿ, ಕೋಳಿ ತಿಂದು ದನದ ಮಾಂಸ ತಿನ್ನದವರು ನಮ್ಮ ಗುಂಪುಗಳಲ್ಲಿ ಬಹಳ ಮಂದಿ. ಲಗ್ಮನ್ ಎಂದರೆ ಕೈಯಲ್ಲಿ ಎಳೆದ ನೂಡಲ್ಸ್‌ಗೆ ಗೊಜ್ಜು ಸೇರಿಸಿದ ತಿನಿಸು, ಅಲ್ಮಾಟಿಯಲ್ಲಿ ಅದಕ್ಕೆ ಬಹಳ ಕಡೆ ಹಾಕುವುದು ದನದ ಮಾಂಸವನ್ನೇ. ಉಯ್ಗುರರು ಎಂದರೆ ಕುರಿ ಎಂದು ಊಹಿಸಿ ಹೇಳಿಬಿಟ್ಟವರು ಆಮೇಲೆ ನೊಂದುಕೊಂಡದ್ದನ್ನು ನಾನು ಕಂಡಿದ್ದೇನೆ. ಕಜಾಕ್‌ಸ್ತಾನದಲ್ಲಿ ಕುದುರೆ ಮಾಂಸ ಸಾಮಾನ್ಯ ಆಹಾರ, ಉಯ್ಗುರ್ ಮೆನುವಿನಲ್ಲೂ ಒಂದೆರಡು ಸಾಲಿನಲ್ಲಿ ಅದು ಕಾಣಬಹುದು. ಮೆನುವಿನಲ್ಲಿ ಗುರುತಿಸಬೇಕಾದ ರಷ್ಯನ್ ಪದಗಳು ನಾಲ್ಕು: ಗವ್ಯಾದಿನಾ ಎಂದರೆ ದನದ ಮಾಂಸ, ಕನೀನಾ ಎಂದರೆ ಕುದುರೆ, ಬರಾನಿನಾ ಎಂದರೆ ಕುರಿ, ಕೂರಿತ್ಸಾ ಎಂದರೆ ಕೋಳಿ. ಹಂದಿಯ ಚಿಂತೆ ಬೇಡ, ಅಡುಗೆ ಹಲಾಲ್.

ಈರುಳ್ಳಿ, ಬೆಳ್ಳುಳ್ಳಿ ಎರಡೂ ಬೇಡ ಎನ್ನುವವರಿಗೆ ಮೊದಲೇ ನಿಜ ಹೇಳಿಬಿಡಿ. ಈ ಅಡುಗೆಯ ಒಗ್ಗರಣೆ ಶುರುವಾಗುವುದೇ ಈರುಳ್ಳಿಯಿಂದ. ಅವರಿಗೆ ನಾನ್, ಕತ್ತರಿಸಿದ ಟೊಮೆಟೊ ಮತ್ತು ಸೌತೆಕಾಯಿ, ಒಣಹಣ್ಣು, ಚಹಾ ಬಿಟ್ಟರೆ ಬೇರೆ ಏನೂ ಖಚಿತವಾಗಿ ಸಿಗುವುದಿಲ್ಲ. ವಸತಿಗೃಹದಲ್ಲಿ ಅವಲಕ್ಕಿಯನ್ನೋ ಉಪ್ಪಿಟ್ಟನ್ನೋ ತಿಂದು, ಚಹಾಕ್ಕೆಂದು ಬಂದು ಎಲ್ಲರ ಜೊತೆ ನೆಮ್ಮದಿಯಾಗಿ ಕೂರುವುದು ಅವರಿಗೆ ಒಳ್ಳೆಯದು. ಮಾಂಸ ಬೆಂದ ಬಾಣಲೆಯಲ್ಲೇ ತರಕಾರಿ ಹುರಿದರೆ ಒಪ್ಪದವರಿಗೂ ಇದೇ ಮಾತು. ದೊಡ್ಡ ಉರಿಯ ಮೇಲೆ ಒಂದರ ಹಿಂದೊಂದು ಹುರಿಯುವ ಅಡುಗೆಮನೆಯಿಂದ ಪ್ರತ್ಯೇಕ ಬಾಣಲೆಯ ಭರವಸೆ ಕೇಳುವುದು ನ್ಯಾಯವಲ್ಲ.

ಹಂತ 2: ಹೊತ್ತು ಮತ್ತು ಜಾಗ ಆರಿಸಿ

ಪೋಲೋ ತಿನ್ನಬೇಕೆಂದಿದ್ದರೆ ಮಧ್ಯಾಹ್ನವೇ ಹೋಗಿ. ಪೋಲೋ ಎಂದರೆ ಮಾಂಸ, ಕ್ಯಾರೆಟ್, ಈರುಳ್ಳಿ ಹಾಕಿ ದೊಡ್ಡ ಕಬ್ಬಿಣದ ಕಡಾಯಿಯಲ್ಲಿ ಬೇಯಿಸುವ ಅನ್ನ. ನಮ್ಮ ಪಲಾವಿನ ಹೆಸರಿನ ನೆಂಟ. ರಷ್ಯನ್ ಮೆನುವಿನಲ್ಲಿ ಪ್ಲೋವ್ ಎಂದಿರುತ್ತದೆ. ಒಂದು ಕಡಾಯಿ ಮುಗಿಯಿತೆಂದರೆ ಆ ದಿನಕ್ಕೆ ಮುಗಿಯಿತು. ಬೆಳಗ್ಗೆ ಶಿಮ್‌ಬುಲಾಕ್ ಬೆಟ್ಟಕ್ಕೆ ಹೋಗಿ ಸಂಜೆ ಐದಕ್ಕೆ ಹಸಿದು ಇಳಿದವರಿಗೆ ಪೋಲೋ ಸಿಗದಿರುವುದಕ್ಕೆ ಕಾರಣ ಇಷ್ಟೇ.

ಶುಕ್ರವಾರ ಮತ್ತು ಶನಿವಾರದ ರಾತ್ರಿಗಳನ್ನು ದೊಡ್ಡ ರೆಸ್ಟೋರೆಂಟುಗಳಲ್ಲಿ ತಪ್ಪಿಸಿ. ಮದುವೆ, ಹುಟ್ಟುಹಬ್ಬದ ಔತಣಗಳಿಗೆ ಇಡೀ ಸಭಾಂಗಣವೇ ಹೋಗಿರುತ್ತದೆ, ಧ್ವನಿವರ್ಧಕದ ಅಬ್ಬರದಲ್ಲಿ ಪಕ್ಕದವರ ಮಾತೂ ಕೇಳಿಸುವುದಿಲ್ಲ. ರಂಜಾನ್ ತಿಂಗಳಿನಲ್ಲಾದರೆ ಸೂರ್ಯಾಸ್ತದ ಹೊತ್ತನ್ನು ಉಪವಾಸ ಬಿಡುವವರಿಗೆ ಬಿಟ್ಟು, ಅದಾಗಿ ಒಂದೂವರೆ ಗಂಟೆ ಕಳೆದ ಮೇಲೆ ಹೋಗಿ.

ಬೇಸಿಗೆಯಲ್ಲಿ ಅಂಗಳದಲ್ಲಿ ಜಗಲಿಯಂಥ ಎತ್ತರದ ಕಟ್ಟೆಗಳಿರುತ್ತವೆ, ತಪ್ಚಾನ್ ಎನ್ನುತ್ತಾರೆ. ನೋಡಲು ಚೆಂದ, ಮಕ್ಕಳಿಗೆ ಹಬ್ಬ. ಮಂಡಿನೋವಿನ ಹಿರಿಯರಿದ್ದರೆ ಮಾತ್ರ ಬೇಡ, ಒಂದೂವರೆ ಗಂಟೆ ಕಾಲು ಮಡಿಸಿ ಕೂರುವುದು ಅವರಿಗೆ ಶಿಕ್ಷೆ. ಕುರ್ಚಿ ಮೇಜಿರುವ ಪ್ರತ್ಯೇಕ ಕೋಣೆ ಬೇಕೆಂದರೆ "ಕಬಿನ್ಕಾ" ಎಂದು ಕೇಳಿ.

ಚಾರಿನ್ ಕಣಿವೆಗೆ ಹೋಗುವ ದಾರಿಯಲ್ಲೂ ಉಯ್ಗುರರು ಹೆಚ್ಚಾಗಿರುವ ಊರುಗಳಿವೆ, ರಸ್ತೆ ಬದಿಯ ಕೆಫೆಗಳಲ್ಲಿ ಒಳ್ಳೆಯ ಲಗ್ಮನ್ ಸಿಗುತ್ತದೆ. ಆದರೆ ಸಸ್ಯಾಹಾರಿಗಳು ಹೆಚ್ಚಿರುವ ಗುಂಪನ್ನು ಮೊದಲೇ ತಿಳಿಸದೆ ಅಲ್ಲಿ ಇಳಿಸಬೇಡಿ.

ಹಂತ 3: ಹಿಂದಿನ ದಿನವೇ ಬರೆದು ತಿಳಿಸಿ

ಎಲ್ಲ ಹಂತಗಳಲ್ಲಿ ನಾನು ಹೆಚ್ಚು ಒತ್ತಿ ಹೇಳುವುದು ಇದನ್ನು. ಸಸ್ಯಾಹಾರಿಗಳ ಊಟ ಮೇಜಿಗೆ ಕೂತ ಮೇಲೆ ಸರಿಹೋಗುವುದಿಲ್ಲ. ಅದು ಹಿಂದಿನ ದಿನದ ಒಂದು ಸಂದೇಶದಲ್ಲಿ ತೀರ್ಮಾನವಾಗಬೇಕು.

ಫೋನ್ ಮಾಡಬೇಡಿ, ವಾಟ್ಸ್‌ಆ್ಯಪ್ ಮಾಡಿ. ಅಲ್ಮಾಟಿಯ ಬಹಳಷ್ಟು ರೆಸ್ಟೋರೆಂಟುಗಳು ಅದರಲ್ಲೇ ಉತ್ತರಿಸುತ್ತವೆ. ಬರಹವಾದರೆ ಅಡುಗೆಯವರ ಕಣ್ಣಿಗೂ ಬೀಳುತ್ತದೆ. ಉಚ್ಚಾರದ ತೊಡಕೂ ಇಲ್ಲ. ಈ ತೊಡಕು ಸಣ್ಣದಲ್ಲ: ರಷ್ಯನ್ನಿನಲ್ಲಿ "ಜಿರಾ" ಎಂದರೆ ಜೀರಿಗೆ, ಕೊಬ್ಬಿಗೆ ಇರುವ ಪದ "ಝಿರ್". ಕೊಬ್ಬು ಬೇಡ ಎಂದು ಹೇಳುವಾಗ ಆ ಪದ "ಝಿರಾ" ಎಂದಾಗುತ್ತದೆ. ನಮ್ಮ ಬಾಯಲ್ಲಿ ಎರಡೂ ಒಂದೇ ಆಗಿ, ಕೊಬ್ಬು ಬೇಡ ಎಂದದ್ದು ಜೀರಿಗೆ ಬೇಡ ಎಂದು ತಲುಪಬಹುದು.

ಸಂದೇಶವನ್ನು ಸಣ್ಣ ಸಣ್ಣ ವಾಕ್ಯಗಳಲ್ಲಿ ಬರೆದು ಅನುವಾದಿಸಿ. ಉದ್ದ ವಾಕ್ಯ ಅನುವಾದದಲ್ಲಿ ಮುರಿಯುತ್ತದೆ. ಹೀಗೆ ಬರೆಯಬಹುದು:

"ನಾವು ನಾಳೆ ಮಧ್ಯಾಹ್ನ 1 ಗಂಟೆಗೆ 10 ಜನ ಬರುತ್ತೇವೆ. ಕುರ್ಚಿ ಮೇಜು ಬೇಕು. 4 ಜನ ಮಾಂಸ ತಿನ್ನುವುದಿಲ್ಲ. ಕೋಳಿಯನ್ನೂ ತಿನ್ನುವುದಿಲ್ಲ. ಮೀನನ್ನೂ ತಿನ್ನುವುದಿಲ್ಲ. ಮಾಂಸ ಬೇಯಿಸಿದ ನೀರು ಬೇಡ. ಕುರಿಯ ಬಾಲದ ಕೊಬ್ಬು ಬೇಡ. ಎಣ್ಣೆಯಲ್ಲಿ ಹುರಿದ ತರಕಾರಿ ಬೇಕು. 3 ತರಕಾರಿ ಲಗ್ಮನ್ ಮಾಡಬಹುದೇ? ಲಗ್ಮನ್ ಹಿಟ್ಟಿನಲ್ಲಿ ಮೊಟ್ಟೆ ಇದೆಯೇ?"

ಇಲ್ಲಿ ಒಂದೊಂದು ವಾಕ್ಯಕ್ಕೂ ಕಾರಣವಿದೆ. "ಮಾಂಸ" ಎಂಬ ಪದ ಇಲ್ಲಿನವರ ಕಿವಿಗೆ ಮುಖ್ಯವಾಗಿ ಕುರಿ ಮತ್ತು ದನ, ಆದ್ದರಿಂದ ಮಾಂಸ ಬೇಡ ಎಂದವರಿಗೆ ಕೋಳಿ ಬಡಿಸಿದರೆ ಅವರ ದೃಷ್ಟಿಯಲ್ಲಿ ತಪ್ಪಿಲ್ಲ. ಮಾಂಸ ಬೆಂದ ನೀರನ್ನು, ಅಂದರೆ ಬುಲ್ಯೋನನ್ನು, ತರಕಾರಿಯ ಗೊಜ್ಜಿಗೂ ಸುರಿಯುವ ರೂಢಿ ಇದೆ. ಬಾಲದ ಕೊಬ್ಬಿಗೆ ರಷ್ಯನ್ನಿನಲ್ಲಿ ಕುರ್ದ್ಯುಕ್ ಎನ್ನುತ್ತಾರೆ. ಇಲ್ಲಿನ ಕುರಿಗಳ ಬಾಲದ ಬುಡದಲ್ಲಿ ಕೊಬ್ಬು ಗಡ್ಡೆಯಾಗಿ ಕೂತಿರುತ್ತದೆ. ಅದನ್ನು ಕರಗಿಸಿ ಒಗ್ಗರಣೆಗೂ ಬಳಸುತ್ತಾರೆ, ಸಣ್ಣಗೆ ಕತ್ತರಿಸಿ ಹೂರಣಕ್ಕೂ ಸೇರಿಸುತ್ತಾರೆ.

ಅಡುಗೆಯವರು ಉಯ್ಗುರರೇ ಆಗಿದ್ದರೆ ಎದುರಿಗೆ ಸಿಕ್ಕಾಗ "ಗೋಶ್ ಯೆಮೈಮೆನ್" ಎನ್ನಿ, ಮಾಂಸ ತಿನ್ನುವುದಿಲ್ಲ ಎಂದರ್ಥ. "ಗೋಶ್‌ಸಿಜ್" ಎಂದರೆ ಮಾಂಸವಿಲ್ಲದ್ದು. ಅವರ ಭಾಷೆಯಲ್ಲಿ ಎರಡು ಪದ ಆಡಿದರೆ ಮುಖ ಅರಳುತ್ತದೆ, ಕೆಲಸವೂ ಎಚ್ಚರದಿಂದ ನಡೆಯುತ್ತದೆ.

ಸಸ್ಯಾಹಾರಿಗಳು ಮೋಸಹೋಗುವ ಐದು ತಿನಿಸುಗಳು

ಮೊದಲನೆಯದು ಪೋಲೋ. "ಮಾಂಸದ ತುಂಡು ತೆಗೆದು ಅನ್ನ ಮಾತ್ರ ಕೊಡಿ" ಎಂದು ಕೇಳುತ್ತಾರೆ, ಕೊಡುತ್ತಾರೆ ಕೂಡ. ಆ ಅಕ್ಕಿ ಬೆಂದದ್ದೇ ಮಾಂಸದ ರಸ ಮತ್ತು ಕೊಬ್ಬಿನಲ್ಲಿ.

ಎರಡನೆಯದು ಕುಂಬಳಕಾಯಿಯ ಮಂತಾ. ಮಂತಾ ಎಂದರೆ ಆವಿಯಲ್ಲಿ ಬೆಂದ ಕಡುಬು, ನಮ್ಮ ಮೋದಕವನ್ನು ನೆನಪಿಸುತ್ತದೆ. ಹೆಸರಿನಲ್ಲಿ ಕುಂಬಳಕಾಯಿ ಇದ್ದರೂ ಹೂರಣದಲ್ಲಿ ಬಹಳ ಸಲ ಮಾಂಸವೋ ಬಾಲದ ಕೊಬ್ಬೋ ಬೆರೆತಿರುತ್ತದೆ. ಜುಸಾಯ್ ಸಮ್ಸಾ ಮೂರನೆಯದು. ಸಮ್ಸಾ ಎಂದರೆ ಹೂರಣ ತುಂಬಿ ಒಲೆಯಲ್ಲಿ ಸುಟ್ಟ ತಿನಿಸು. ಜುಸಾಯ್ ಒಂದು ಸೊಪ್ಪು, ಅದರಲ್ಲಿ ಬೆಳ್ಳುಳ್ಳಿಯ ವಾಸನೆಯಿದೆ. ಬರಿ ಸೊಪ್ಪಿನದೂ ಸಿಗುತ್ತದೆ, ಮೊಟ್ಟೆ ಅಥವಾ ಕೊಬ್ಬು ಸೇರಿಸಿದ್ದೂ ಸಿಗುತ್ತದೆ. ಕೇಳದೆ ಕಚ್ಚಬೇಡಿ. ನಾಲ್ಕನೆಯದು ಗೋಶ್‌ನಾನ್, ನೋಡಲು ದಪ್ಪ ರೊಟ್ಟಿ, ಒಳಗೆ ಮಾಂಸ. ಐದನೆಯದು ಆಶ್‌ಲ್ಯಾನ್‌ಫು: ಗಂಜಿಪುಡಿಯ ಲೋಳೆ ಪಟ್ಟಿಗಳು, ನೂಡಲ್ಸ್, ವಿನೆಗರ್ ಮತ್ತು ಮೆಣಸಿನ ತಣ್ಣನೆಯ ಹುಳಿಸಾರು. ಬೇಸಿಗೆಯಲ್ಲಿ ಅದ್ಭುತ. ಮೇಲೆ ಮೊಟ್ಟೆಯ ಎಳೆ, ಕೆಲವೆಡೆ ಮಾಂಸದ ಚೂರು ಉದುರಿಸುತ್ತಾರೆ.

ಹಾಗಾದರೆ ನೆಮ್ಮದಿಯಿಂದ ತಿನ್ನಬಹುದಾದವು? ಹೇಳಿ ಮಾಡಿಸಿದ ತರಕಾರಿ ಲಗ್ಮನ್. ಹುಳಿಸಿಹಿ ಗೊಜ್ಜಿನಲ್ಲಿ ಹೊರಳಿಸಿದ ಗರಿಗರಿ ಬದನೆಕಾಯಿ. ಇದು ಅಲ್ಮಾಟಿಯಲ್ಲಿ ಬಹಳ ಕಡೆ ಸಿಗುತ್ತದೆ, ಖಾರ ಪ್ರಿಯರಿಗೂ ಹಿಡಿಸುತ್ತದೆ. ಹೆಸರುಕಾಳಿನ ಗಂಜಿಯಿಂದ ಮಾಡುವ ಲೆಂಗ್‌ಪುಂಗ್ ಎಂಬ ತಣ್ಣನೆಯ ಲೋಳೆ ಪಟ್ಟಿಯ ತಿನಿಸು. ಜಜ್ಜಿದ ಸೌತೆಕಾಯಿ, ಈರುಳ್ಳಿ ಮತ್ತು ಟೊಮೆಟೊದ ಕೋಸಂಬರಿ, ನಾನ್. ಇವಿಷ್ಟು ಚೆನ್ನಾಗಿ ಬಂದರೆ ಸಸ್ಯಾಹಾರಿಯೂ ಹೊಟ್ಟೆತುಂಬ ತಿಂದು ಏಳುತ್ತಾನೆ.

ಎಚ್ಚರಿಕೆಯ ಗುರುತು: ನಿಮ್ಮ ಸಂದೇಶಕ್ಕೆ ಬರಿ "ಹೌದು, ಆಗುತ್ತದೆ" ಎಂಬ ಒಂದೇ ಮಾತಿನ ಉತ್ತರ ಬಂದರೆ ಓದಿಲ್ಲ ಎಂದು ತಿಳಿಯಿರಿ. "ತರಕಾರಿ ಲಗ್ಮನ್‌ನಲ್ಲಿ ಏನೇನು ಹಾಕುತ್ತೀರಿ?" ಎಂದು ಮತ್ತೆ ಕೇಳಿ. ತರಕಾರಿಗಳ ಹೆಸರು ಬಂದರೆ ಸರಿ. ಬರದಿದ್ದರೆ ಬೇರೆ ಜಾಗ ನೋಡಿ.

ಹಂತ 4: ಕೂತು, ಕೈ ತೊಳೆದು, ಚಹಾ ಮತ್ತು ನಾನ್ ತರಿಸಿ

ಬಾಗಿಲಿಗೆ ದೂರವಾದ, ಒಳಗಿನ ಜಾಗ ಹಿರಿಯರದು. ಅವರನ್ನು ಅಲ್ಲಿ ಕೂರಿಸಿದ ಮೇಲೆ ಉಳಿದವರು ಕೂರಿ. ಸಸ್ಯಾಹಾರಿಗಳೆಲ್ಲರನ್ನೂ ಮೇಜಿನ ಒಂದೇ ಬದಿಗೆ ಸೇರಿಸಿ. ತಟ್ಟೆಗಳು ಕೈ ದಾಟುವಾಗ ಆಗುವ ಬೆರಕೆ ಇದರಿಂದ ತಪ್ಪುತ್ತದೆ.

ಉಯ್ಗುರ್ ಮನೆಗೆ ಕರೆದರೆ ಹೂಜಿಯಿಂದ ಕೈಗೆ ಮೂರು ಸಲ ನೀರು ಹೊಯ್ಯುತ್ತಾರೆ. ತೊಳೆದ ಕೈಯನ್ನು ಕೊಡವಬಾರದು, ಬಟ್ಟೆಗೆ ಒರೆಸಬೇಕು. ರೆಸ್ಟೋರೆಂಟಿನಲ್ಲಿ ನಲ್ಲಿ ಇರುತ್ತದೆ, ಆದರೂ ಮೇಜಿನ ಬಳಿ ಒದ್ದೆ ಕೈ ಕೊಡವಬೇಡಿ.

ಚಹಾವನ್ನು ಕೆಟಲ್ ಲೆಕ್ಕದಲ್ಲಿ ಹೇಳುತ್ತಾರೆ, ಹತ್ತು ಜನಕ್ಕೆ ಮೂರು. ಹಾಲಿನ ಚಹಾ ಎಂದರೆ ನಮ್ಮ ಸಿಹಿ ಚಹಾ ಬರುವುದಿಲ್ಲ. ಉಪ್ಪು ಹಾಕಿದ ಅತ್ಕನ್ ಚಾಯ್ ಬಂದೀತು. ಅದೊಂದು ಬೇರೆಯೇ ರುಚಿ, ಒಂದು ಬಟ್ಟಲು ಹಂಚಿಕೊಂಡು ನೋಡಿ. ಹಿಡಿಯಿಲ್ಲದ ಬಟ್ಟಲಿಗೆ ಪಿಯಾಲಾ ಎನ್ನುತ್ತಾರೆ. ಅರ್ಧಕ್ಕಿಂತ ಹೆಚ್ಚು ತುಂಬಿದರೆ ಬೆರಳು ಸುಡುತ್ತದೆ. ಮೇಜಿನ ಕಿರಿಯರು ಎಲ್ಲರಿಗೂ ಹೊಯ್ಯಲಿ.

ಐಸ್ ನೀರು ಕೇಳುವ ಅಭ್ಯಾಸವನ್ನು ಈ ಒಂದು ಊಟಕ್ಕೆ ಬಿಡಿ. ಕುರಿಯ ಕೊಬ್ಬು ತಣಿದರೆ ಬೇಗ ಹೆಪ್ಪುಗಟ್ಟುತ್ತದೆ. ತಣ್ಣೀರು ಕುಡಿದರೆ ಅಂಗುಳಕ್ಕೆ ಮೇಣ ಬಳಿದ ಹಾಗಾಗಿ ಮುಂದಿನ ಯಾವ ರುಚಿಯೂ ತಿಳಿಯುವುದಿಲ್ಲ. ಊಟ ಜಿಡ್ಡಾಗಿತ್ತು ಎಂದು ದೂರುವವರನ್ನು ನಾನು ಮೊದಲು ಕೇಳುವುದು ಏನು ಕುಡಿದಿರಿ ಎಂದು.

ನಾನ್ ಬಂದಾಗ ಚಾಕು ಹಾಕಬೇಡಿ, ಕೈಯಲ್ಲಿ ಮುರಿದು ಎಲ್ಲರ ಮುಂದೆ ಇಡಿ. ಬೋರಲು ಹಾಕಬಾರದು, ನೆಲಕ್ಕೆ ಬೀಳಿಸಬಾರದು. ಅನ್ನ ಕಾಲಿಗೆ ತಾಗಿದರೆ ಕಣ್ಣಿಗೊತ್ತಿಕೊಳ್ಳುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಕ್ಕಳು ನಾನ್ ಚೂರನ್ನು ಒಬ್ಬರ ಮೇಲೊಬ್ಬರು ಎಸೆದು ಆಡದ ಹಾಗೆ ನೋಡಿಕೊಳ್ಳಿ.

ಮನೆಯಿಂದ ತಂದ ಚಟ್ನಿಪುಡಿ, ಉಪ್ಪಿನಕಾಯಿ ತೆರೆಯುವ ಮುನ್ನ ಕೇಳಿ. ಸಾಮಾನ್ಯವಾಗಿ ಒಪ್ಪುತ್ತಾರೆ. ಹೊರಗಿನ ಮಾಂಸದ ತಿನಿಸನ್ನು ಮಾತ್ರ ಒಳಗೆ ತರಲೇಬೇಡಿ. ಮದ್ಯವೂ ಹಾಗೆಯೇ. ಹಲವು ಉಯ್ಗುರ್ ಕೆಫೆಗಳಲ್ಲಿ ಮದ್ಯ ಇಲ್ಲ, ಬ್ಯಾಗಿನಿಂದ ಬಾಟಲಿ ತೆಗೆದರೆ ಊಟವೇ ನಿಂತುಹೋಗಬಹುದು.

ಹಂತ 5: ಹೊತ್ತು ಹಿಡಿಯುವುದನ್ನು ಮೊದಲು ಹೇಳಿ

ಆರ್ಡರ್ ಕೊಡುವವರು ಒಬ್ಬರೇ ಇರಲಿ. ಹತ್ತು ಜನ ಹತ್ತು ಕಡೆಯಿಂದ ಮೆನುವಿನ ಮೇಲೆ ಬೆರಳಿಟ್ಟರೆ ಬಡಿಸುವವರು ಬರೆದುಕೊಳ್ಳುವುದು ಹನ್ನೆರಡು ಸಾಲು, ಅಡುಗೆಮನೆಗೆ ತಲುಪುವುದು ಗೊಂದಲ.

ಮೊದಲ ಸುತ್ತಿನಲ್ಲಿ ದಪಂಜಿ ಮತ್ತು ಮಂತಾ. ದಪಂಜಿ ಎಂದರೆ ದೊಡ್ಡ ತಟ್ಟೆಯ ಕೋಳಿ: ಎಲುಬು ಸಹಿತ ಕತ್ತರಿಸಿದ ಕೋಳಿ, ಆಲೂಗಡ್ಡೆ, ಒಣಮೆಣಸು, ದಪ್ಪ ಗೊಜ್ಜು. ಕೋಳಿ ಬೆಂದು ಆಲೂಗಡ್ಡೆ ಮೆತ್ತಗಾಗಲು ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಬೇಕು. ಹಬೆಯಲ್ಲಿ ಬೇಯುವ ಮಂತಾಕ್ಕೂ ಹೆಚ್ಚುಕಡಿಮೆ ಅಷ್ಟೇ ಹೊತ್ತು. ಇವೆರಡನ್ನೂ ಕೂತ ತಕ್ಷಣ, ಮೆನು ಪೂರ್ತಿ ಓದುವ ಮುಂಚೆಯೇ ಹೇಳಿಬಿಡಿ.

ಅದರ ಬೆನ್ನಿಗೇ ತಣ್ಣನೆಯವು: ಕೋಸಂಬರಿ, ಲೆಂಗ್‌ಪುಂಗ್, ಸೌತೆಕಾಯಿ. ಐದು ಹತ್ತು ನಿಮಿಷದಲ್ಲಿ ಬರುತ್ತವೆ, ನಾನ್ ಜೊತೆ ಹಸಿವು ತಡೆಯುತ್ತವೆ. ಈ ಹೊತ್ತಿಗೆ ಒಲೆಯಿಂದ ಸಮ್ಸಾ ಬಿಸಿಯಾಗಿ ಬರುತ್ತಿದ್ದರೆ ತಲೆಗೊಂದು ತರಿಸಿ, ಆರಿದ್ದಾದರೆ ಬಿಡಿ.

ಎರಡನೆಯ ಸುತ್ತು, ಹದಿನೈದು ನಿಮಿಷ ಬಿಟ್ಟು: ಕವಾಪ್, ಅಂದರೆ ಕಂಬಿಗೆ ಚುಚ್ಚಿ ಸುಟ್ಟ ಮಾಂಸ. ಮೆನುವಿನಲ್ಲಿ ಶಶ್ಲಿಕ್ ಎಂದಿರುತ್ತದೆ. ಇಲ್ಲಿನ ಕಂಬಿ ದೊಡ್ಡದು, ಮೊದಲಿಗೆ ತಲೆಗೆ ಒಂದೇ ಸಾಕು, ಬೇಕಾದರೆ ಮತ್ತೆ ಹೇಳಿ. ಒಮ್ಮೆಗೇ ಇಪ್ಪತ್ತು ಹೇಳಿದರೆ ಹತ್ತು ತಣ್ಣಗಾಗುತ್ತವೆ. ಬದನೆಕಾಯಿಯನ್ನೂ ಈಗಲೇ ಹೇಳಿ.

ಲಗ್ಮನ್ ಕೊನೆಗೆ. ಇದು ಬಹುತೇಕ ಎಲ್ಲರೂ ತಪ್ಪುವ ಜಾಗ, ಏಕೆಂದರೆ ಹೆಸರು ಕೇಳಿ ಬಂದದ್ದೇ ಲಗ್ಮನ್‌ಗಾಗಿ, ಮೊದಲು ಹೇಳುವುದೂ ಅದನ್ನೇ. ಕೈಯಲ್ಲಿ ಎಳೆದ ನೂಡಲ್ಸ್ ಬಿಸಿನೀರಿನಿಂದ ತೆಗೆದ ಮೊದಲ ಐದಾರು ನಿಮಿಷ ಪುಟಿಯುತ್ತದೆ. ಕಾಲು ಗಂಟೆ ಕಳೆದರೆ ಗೊಜ್ಜು ಹೀರಿ ಉಬ್ಬಿ, ಒಂದಕ್ಕೊಂದು ಅಂಟುತ್ತದೆ. ಗುಂಪಿನವರು ಫೋಟೋ ತೆಗೆದು, ಎಲ್ಲರಿಗೂ ಬರಲಿ ಎಂದು ಕಾಯುತ್ತ ಕೂರುವಷ್ಟರಲ್ಲಿ ಅದು ಸತ್ತಿರುತ್ತದೆ. ದಪಂಜಿ ಮೇಜಿಗೆ ಬಂದ ಮೇಲೆ ಲಗ್ಮನ್ ಹೇಳಿ, ಬಂದ ತಕ್ಷಣ ಯಾರಿಗೂ ಕಾಯದೆ ತಿನ್ನಿ. ಈ ಒಂದು ತಟ್ಟೆಯ ಮಟ್ಟಿಗೆ ಹಿರಿಯರಿಗೂ ಕಾಯಬೇಕಿಲ್ಲ ಎಂದು ಮೊದಲೇ ಹೇಳಿಡಿ.

ಸಸ್ಯಾಹಾರಿಗಳ ಲಗ್ಮನ್ ಮಾತ್ರ ಇದಕ್ಕೆ ಹೊರತು. ಅವರಿಗೆ ಅದೇ ಮುಖ್ಯ ಊಟ, ಆದ್ದರಿಂದ ಕವಾಪ್ ಜೊತೆಗೇ ಬರುವ ಹಾಗೆ ಎರಡನೆಯ ಸುತ್ತಿನಲ್ಲಿ ಹೇಳಿ. ಮಾಂಸದವರು ತಿನ್ನುವಾಗ ಅವರು ಖಾಲಿ ತಟ್ಟೆಯ ಮುಂದೆ ಕೂರುವಂತಾಗಬಾರದು.

ಮೆನುವಿನಲ್ಲಿ ಗುಯ್ರು, ಸುಯ್ರು, ಬೋಸೋ ಎಂದು ಲಗ್ಮನ್‌ಗೆ ಹಲವು ಹೆಸರುಗಳಿರುತ್ತವೆ. ಬಾಯಿಪಾಠ ಬೇಡ, ಒಂದೇ ಪ್ರಶ್ನೆ ಕೇಳಿ: ಗೊಜ್ಜು ಮೇಲೆ ಹೊಯ್ದದ್ದೋ, ಬಾಣಲೆಯಲ್ಲಿ ಒಟ್ಟಿಗೆ ಹುರಿದದ್ದೋ? ಹಂಚಿಕೊಳ್ಳುವುದಾದರೆ ಹುರಿದದ್ದು ಸುಲಭ, ಒಬ್ಬರೇ ತಿನ್ನುವುದಾದರೆ ಗೊಜ್ಜಿನದು ರುಚಿ.

ಹತ್ತು ಜನಕ್ಕೆ ಎಷ್ಟು?

ಆರು ಮಂದಿ ಮಾಂಸಾಹಾರಿ, ನಾಲ್ವರು ಸಸ್ಯಾಹಾರಿ ಇದ್ದರೆ ನಾನು ಹೇಳುವುದು ಹೀಗೆ: ದೊಡ್ಡ ದಪಂಜಿ ಒಂದು, ಕವಾಪ್ ಆರು ಕಂಬಿ, ಮಂತಾ ಒಂದು ಪ್ಲೇಟು, ಮಾಂಸದ ಲಗ್ಮನ್ ಎರಡು, ತರಕಾರಿ ಲಗ್ಮನ್ ಮೂರು, ಬದನೆಕಾಯಿ ಎರಡು, ಲೆಂಗ್‌ಪುಂಗ್ ಒಂದು, ಕೋಸಂಬರಿ ಮೂರು, ನಾನ್ ಮೂರು, ಖಾಲಿ ಬಟ್ಟಲು ಹತ್ತು. ಖಾಲಿ ಬಟ್ಟಲನ್ನು ಮರೆಯಬೇಡಿ, ಅದಿಲ್ಲದೆ ಹಂಚಿಕೊಳ್ಳಲು ಆಗುವುದಿಲ್ಲ.

ಮಧ್ಯಾಹ್ನದ ಊಟವಾದರೆ ಮಾಂಸದ ಲಗ್ಮನ್ ಬದಲು ಎರಡು ಪೋಲೋ ಹೇಳಿ. ಪೋಲೋ, ದಪಂಜಿ, ಲಗ್ಮನ್ ಮೂರನ್ನೂ ಒಂದೇ ಊಟದಲ್ಲಿ ಮುಗಿಸುವ ಗುಂಪನ್ನು ನಾನು ಇನ್ನೂ ನೋಡಿಲ್ಲ. ದನದ ಮಾಂಸ ತಿನ್ನದವರಿದ್ದರೆ ಲಗ್ಮನ್ ಬಿಟ್ಟು ದಪಂಜಿಯನ್ನೇ ನೆಚ್ಚಿಕೊಳ್ಳಿ. ಕವಾಪ್ ಹೇಳುವಾಗ "ಬರಾನಿನಾ" ಎಂದು ಒತ್ತಿ ಹೇಳಿ.

ಹಂತ 6: ತಿನ್ನುವಾಗ ನೋಡಿಕೊಳ್ಳಬೇಕಾದವು

ದಪಂಜಿಯ ಮೊದಲ ತುತ್ತಿಗೆ ನಾಲಿಗೆ ಜುಮ್ಮೆಂದರೆ ಗಾಬರಿ ಬೇಡ. ಅದರಲ್ಲಿ ಹಾಕುವ ಸಿಚುವಾನ್ ಮೆಣಸು ನಮ್ಮ ಕರಾವಳಿಯ ಜುಮ್ಮನಕಾಯಿಯ ಹತ್ತಿರದ ನೆಂಟ, ಬಂಗುಡೆ ಸಾರಿಗೆ ತೆಪ್ಪಳ ಎಂದು ಹಾಕುತ್ತಾರಲ್ಲ, ಅದೇ ಕುಲ. ಕಾಳು ಹಲ್ಲಿಗೆ ಸಿಕ್ಕರೆ ಬದಿಗಿಡಿ, ಇಡೀ ಒಣಮೆಣಸನ್ನೂ ತಿನ್ನಬೇಡಿ. ಕೋಳಿಯನ್ನು ಎಲುಬಿನ ಮೇಲೇ ಕೊಚ್ಚಿರುತ್ತಾರೆ, ಚೂಪಾದ ಚೂರುಗಳು ಗೊಜ್ಜಿನಲ್ಲಿರುತ್ತವೆ. ಚಿಕ್ಕ ಮಕ್ಕಳಿಗೆ ದೊಡ್ಡವರೇ ಬಿಡಿಸಿ ಕೊಡಬೇಕು.

ದಪಂಜಿಗೆ ಅಗಲ ಪಟ್ಟಿಯ ನೂಡಲ್ಸ್ ಜೊತೆಯಿರುತ್ತದೆ. ಅದನ್ನು ಆಮೇಲೆ ತರಲು ಹೇಳಿ. ಕೋಳಿ ಅರ್ಧ ಮುಗಿದು ಗೊಜ್ಜು ಉಳಿದಾಗ ಪಟ್ಟಿಗಳನ್ನು ಅದರೊಳಗೆ ಬೆರೆಸಿದರೆ ಅದು ಆ ತಟ್ಟೆಯ ಎರಡನೆಯ ಊಟ.

ಸಮ್ಸಾವನ್ನು ಇಡಿಯಾಗಿ ಕಚ್ಚಬೇಡಿ. ಹೆಸರು ಸಮೋಸದಂತಿದ್ದರೂ ಒಳಗೆ ಕುದಿಯುವ ರಸವಿದೆ. ಮೂಲೆ ಮುರಿದು ಹಬೆ ಬಿಟ್ಟು ತಿನ್ನಿ. ಮಂತಾಕ್ಕೂ ಇದೇ ಎಚ್ಚರ.

ಕವಾಪ್ ಕಂಬಿಯಲ್ಲಿ ಮಾಂಸದ ನಡುವೆ ಬಿಳಿಯ ತುಂಡು ಕಂಡರೆ ಅದು ಬಾಲದ ಕೊಬ್ಬು. ಮಾಂಸದ ಜೊತೆ ಸೇರಿಸಿ ಬಿಸಿಯಾಗಿ ತಿಂದರೆ ಮಾತ್ರ ರುಚಿ. ಬೇಡದವರು ಆರ್ಡರ್ ಕೊಡುವಾಗಲೇ "ಬೆಜ್ ಕುರ್ದ್ಯುಕಾ" ಎನ್ನಬೇಕು, ಆಮೇಲೆ ಕೊಬ್ಬನ್ನು ಮಾತ್ರ ಆಯ್ದು ಮೇಜಿನ ತುಂಬ ಇಡುವುದು ಚೆನ್ನಾಗಿರುವುದಿಲ್ಲ.

ಸಣ್ಣ ಬಟ್ಟಲಿನಲ್ಲಿ ಬರುವ ಕೆಂಪು ಚಟ್ನಿಗೆ ಲಾಜಾ ಎನ್ನುತ್ತಾರೆ, ಅದು ಮೆಣಸು ಮತ್ತು ಬೆಳ್ಳುಳ್ಳಿಯದು. ಖಾರ ನಮಗೆ ಹೊಸದಲ್ಲ ಎಂದು ಚಮಚಗಟ್ಟಲೆ ಸುರಿಯುವವರಿದ್ದಾರೆ. ಕಾಲು ಚಮಚ ಹಾಕಿ ರುಚಿ ನೋಡಿ. ಲಗ್ಮನ್‌ಗೆ ಅದಕ್ಕಿಂತ ಹೆಚ್ಚು ಒಪ್ಪುವುದು ಮೇಜಿನ ಮೇಲಿರುವ ಕಪ್ಪು ವಿನೆಗರ್.

ಎಚ್ಚರಿಕೆಯ ಗುರುತು: ತರಕಾರಿ ಲಗ್ಮನ್ ನೀವು ಹೇಳಿದ ಎರಡೇ ನಿಮಿಷದಲ್ಲಿ ಬಂದರೆ ನಿಲ್ಲಿಸಿ. ಹೊಸದಾಗಿ ಹುರಿಯಲು ಅಷ್ಟು ಕಡಿಮೆ ಹೊತ್ತು ಸಾಲದು, ತಯಾರಿದ್ದ ಗೊಜ್ಜಿನಿಂದ ಮಾಂಸ ಆಯ್ದು ಕೊಟ್ಟಿರುವ ಸಾಧ್ಯತೆ ಇದೆ. ಗೊಜ್ಜಿನ ಮೇಲೆ ತೇಲುವ ಜಿಡ್ಡು ತಟ್ಟೆಯ ಅಂಚಿನಲ್ಲಿ ಬೆಳ್ಳಗೆ ಹೆಪ್ಪುಗಟ್ಟುತ್ತಿದ್ದರೆ ಅದು ಎಣ್ಣೆಯಲ್ಲ, ಕೊಬ್ಬು. ಸಿಟ್ಟಾಗದೆ ಹಿಂದಿನ ದಿನದ ಸಂದೇಶ ತೋರಿಸಿ, ಬದಲಿಸಿ ಕೊಡುತ್ತಾರೆ.

ಹಂತ 7: ಮಾತು ಮತ್ತು ಫೋಟೋ

ನೂಡಲ್ಸ್ ಎಳೆಯುವುದನ್ನು ನೋಡಲು ಕೇಳಿದರೆ ಬಹಳ ಕಡೆ ಸಂತೋಷದಿಂದ ತೋರಿಸುತ್ತಾರೆ. ಕೈಗಳ ಫೋಟೋ ತೆಗೆಯುವ ಮುನ್ನ ಒಂದು ಮಾತು ಕೇಳಿ, ಮುಖದ ಫೋಟೋವನ್ನು ಅನುಮತಿಯಿಲ್ಲದೆ ತೆಗೆಯಲೇಬೇಡಿ.

ಇದು ಬರಿ ಶಿಷ್ಟಾಚಾರದ ಮಾತಲ್ಲ. ಇಲ್ಲಿನ ಉಯ್ಗುರರಲ್ಲಿ ಹೆಚ್ಚಿನವರು ಕಜಾಕ್‌ಸ್ತಾನದಲ್ಲೇ ಹುಟ್ಟಿದವರು, ಆದರೆ ಹಲವರಿಗೆ ಗಡಿಯ ಆಚೆ ಚೀನಾದ ಶಿನ್‌ಜಿಯಾಂಗ್‌ನಲ್ಲಿ ಬಂಧುಗಳಿದ್ದಾರೆ. 2017ರಿಂದ ಅಲ್ಲಿ ನಡೆದ ಸಾಮೂಹಿಕ ಬಂಧನಗಳ ನಂತರ ಎಷ್ಟೋ ಕುಟುಂಬಗಳ ಸಂಪರ್ಕವೇ ಕಡಿದುಹೋಗಿದೆ. ಬಡಿಸಲು ಬಂದ ಹುಡುಗಿಯನ್ನು ನಿಲ್ಲಿಸಿಕೊಂಡು "ನಿಮ್ಮವರು ಅಲ್ಲಿ ಹೇಗಿದ್ದಾರೆ?" ಎಂದು ಕುತೂಹಲಕ್ಕೆ ಕೇಳಬೇಡಿ. ಅವರಾಗಿಯೇ ಹೇಳಿದರೆ ಕಿವಿಗೊಟ್ಟು ಕೇಳಿ, ಅದನ್ನು ಮೊಬೈಲಿನಲ್ಲಿ ಹಿಡಿಯಬೇಡಿ.

"ಇದು ಚೈನೀಸ್ ನೂಡಲ್ಸ್ ತಾನೆ?" ಎಂಬ ಮಾತೂ ಬೇಡ. ಕೇಳಬಹುದಾದ ಒಳ್ಳೆಯ ಪ್ರಶ್ನೆ ಅಡುಗೆಯದೇ. ಅವರ ಜಿರೆ ನಮ್ಮ ಜೀರಿಗೆ, ಅವರ ಸಾಂಗ್ಜಾ ಎಂಬ ಕರಿದ ಹಬ್ಬದ ತಿಂಡಿ ಸುರುಳಿ ಸುರುಳಿಯಾಗಿ ನಮ್ಮ ಚಕ್ಕುಲಿಯ ಹಾಗೆ ಕಾಣುತ್ತದೆ. ಒಮ್ಮೆ ನಮ್ಮ ಗುಂಪಿನ ಅಜ್ಜ ಒಬ್ಬರು ಮೊಬೈಲಿನಲ್ಲಿ ಚಕ್ಕುಲಿಯ ಚಿತ್ರ ತೋರಿಸಿದಾಗ ಅಡುಗೆಮನೆಯಿಂದ ಮೂವರು ಹೊರಬಂದು ನೋಡಿದರು. ಆ ದಿನ ಚಹಾದ ಜೊತೆ ಕೇಳದೆಯೇ ಒಂದು ತಟ್ಟೆ ಸಾಂಗ್ಜಾ ಬಂತು.

ಹಂತ 8: ಬಿಲ್ಲು, ಉಳಿದ ಊಟ, ಏಳುವುದು

ಬಿಲ್ಲಿಗೆ "ಶ್ಚೋತ್, ಪಜಾಲುಸ್ತಾ" ಎನ್ನಿ. ಕೊನೆಯಲ್ಲಿ "ಅಬ್‌ಸ್ಲೂಝಿವಾನಿಯೆ" ಎಂಬ ಸಾಲು ಇದ್ದರೆ ಅದು ಸೇವಾ ಶುಲ್ಕ, ಹಲವೆಡೆ 10 ಶೇಕಡಾ, ಕೆಲವೆಡೆ ಅದಕ್ಕಿಂತ ಹೆಚ್ಚು. ಅದರ ಮೇಲೆ ಮತ್ತೆ ಟಿಪ್ಸ್ ಕಡ್ಡಾಯವಲ್ಲ. ಕಂಬಿಗಳ ಸಂಖ್ಯೆ, ಚಹಾದ ಕೆಟಲ್‌ಗಳ ಸಂಖ್ಯೆ ಇವೆರಡನ್ನು ಹೋಲಿಸಿ ನೋಡಿ, ದೊಡ್ಡ ಮೇಜಿನಲ್ಲಿ ಎಣಿಕೆ ತಪ್ಪುವುದು ಇವುಗಳಲ್ಲೇ. ತಲೆಗೊಂದರಂತೆ ಬಿಲ್ಲು ಒಡೆದು ಕೊಡಿ ಎಂದು ಕೇಳಬೇಡಿ. ಒಬ್ಬರು ಕೊಟ್ಟು ಆಮೇಲೆ ನಿಮ್ಮಲ್ಲೇ ಹಂಚಿಕೊಳ್ಳಿ. ಸಸ್ಯಾಹಾರಿಗಳ ಪಾಲು ಸಾಮಾನ್ಯವಾಗಿ ಕಡಿಮೆ ಬರುತ್ತದೆ, ಅವರಿಂದ ಸಮಪಾಲು ಕೇಳುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ.

ಉಳಿದದ್ದನ್ನು ಕಟ್ಟಿಸಿಕೊಳ್ಳಲು "ಸ್ ಸಬೋಯ್" ಎಂದರೆ ಸಾಕು. ಕವಾಪ್, ಮಂತಾ, ದಪಂಜಿ ಕಟ್ಟಿಸಿಕೊಳ್ಳಿ, ಲಗ್ಮನ್ ಬೇಡ. ಮುರಿದ ನಾನ್ ಚೂರುಗಳನ್ನೂ ಕಟ್ಟಿಸಿಕೊಳ್ಳಿ, ತಟ್ಟೆಯಲ್ಲಿ ಬಿಟ್ಟುಹೋದರೆ ಅವರಿಗೆ ನೋವಾಗುತ್ತದೆ. ಮರುದಿನ ಬೆಳಗ್ಗೆ ಚಾರಿನ್ ದಾರಿಯಲ್ಲಿ ಬಿಸಿ ಚಹಾದಲ್ಲಿ ಅದ್ದಿ ತಿನ್ನಲು ಅದಕ್ಕಿಂತ ಒಳ್ಳೆಯದು ಇಲ್ಲ.

ಪಕ್ಕದ ಮೇಜಿನವರು ಅಥವಾ ನಿಮ್ಮನ್ನು ಕರೆದ ಆತಿಥೇಯರು ಊಟದ ಕೊನೆಗೆ ಎರಡೂ ಅಂಗೈ ಬಟ್ಟಲಿನ ಹಾಗೆ ಹಿಡಿದರೆ ಅದು ದುವಾ, ಅಂದರೆ ಪ್ರಾರ್ಥನೆ. ಆಗ ಕುರ್ಚಿ ಸರಿಸಿ ಏಳಬೇಡಿ, ಮಾತು ನಿಲ್ಲಿಸಿ. ಅವರು ಕೈಯನ್ನು ಮುಖದ ಮೇಲೆ ಸವರಿಕೊಂಡ ಮೇಲೆ ಎದ್ದು, "ರೆಹ್ಮೆತ್" (ಧನ್ಯವಾದ) ಎಂದು ಹೇಳಿ ಹೊರಡಿ.